ಇಕ್ಕಿವಿ

ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ಬೇಲಿಯಾಚೆಯವರ ಜೊತೆ ಮಳೆಯನ್ನು ಕನ್ನಡದಲ್ಲಿ ಬೈಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನಮಗೆ ಸಿಕ್ಕಿದೆ, ಆಚೆ ಮನೆ ರಾಯರಿಂದಾಗಿ. ಮೊನ್ನೆ ಶನಿವಾರ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಬೇಲಿಯ ಮೇಲೆ ಮೊದಲು ಒಂದು ಕಾಗದ ಬಂತು, ಹಿಂದೆಯೇ ರಾಯರ ತಲೆ.

"ನೋಡಮ್ಮ, ಬೈನಾರಲ್ ಅಂತ ಬರೆದಿದ್ದಾರೆ. ಹೊಸ ಕಾಯಿಲೆಯಾ?"

"ಇಲ್ಲ ರಾಯರೇ, ಎರಡೂ ಕಿವಿಗೆ ಮಿಷನ್ ಹಾಕ್ಕೊಳ್ಳಿ ಅಂತ."

"ಎಡಗಿವಿಗೆ ಆಗಲೇ ಇದೆಯಲ್ಲ! ಕೇಳೋಕೆ ಒಂದು ಸಾಕು. ಇನ್ನೊಂದು, ಕೇಳಿದ್ದನ್ನ ಆಚೆಗೆ ಬಿಡೋಕೆ."

ಪದದ ಹುಟ್ಟು ಹೇಳಿದೆ. ಲ್ಯಾಟಿನ್ನಿನಲ್ಲಿ 'ಬೀನಿ' ಅಂದರೆ ಎರಡೆರಡು, 'ಆರಿಸ್' ಅಂದರೆ ಕಿವಿ. ಕನ್ನಡದಲ್ಲಿ ದ್ವಿಕರ್ಣ ಅನ್ನಬಹುದೇನೋ ಅಂದದ್ದೇ ತಪ್ಪಾಯಿತು.

"ದ್ವಿಕರ್ಣ? ಕುಂಭಕರ್ಣನ ತಮ್ಮನೇ? ತ್ರಿಕೋನದ ಕರ್ಣ ಬೇರೆ ಅಡ್ಡ ಬರುತ್ತೆ. ಎರಡು ಕೆಲ ಇಕ್ಕೆಲ ಆದರೆ ಎರಡು ಕಿವಿ ಇಕ್ಕಿವಿ. ಮುಗೀತು." ನಿಘಂಟಿನಲ್ಲಿ ಇಲ್ಲದಿದ್ದರೇನು, ನಮ್ಮ ಬೇಲಿಯ ಮೇಲೆ ಅಂದಿನಿಂದ ಅದೇ ಚಾಲ್ತಿ.

ಹೆಸರಿಟ್ಟ ಮೇಲೂ ಒಂದು ಸಾಲದೇ ಎಂಬ ತಕರಾರು ಹೋಗಲಿಲ್ಲ. ಎರಡು ಯಾಕೆ ಬೇಕು ಅಂತ ಬಿಡಿಸಿ ಹೇಳಿದೆ. ಬಲಗಡೆಯಿಂದ ಬಂದ ಸದ್ದು ಬಲಗಿವಿಗೆ ಚೂರು ಮುಂಚೆ ಮುಟ್ಟುತ್ತದೆ, ಎಡಗಿವಿಗೆ ತಲೆ ಸುತ್ತಿಕೊಂಡು ತಡವಾಗಿ ಹೋಗುತ್ತದೆ. ತಡ ಎಂದರೆ ಎಷ್ಟು? ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಇಲ್ಲ. ಕೀರಲು ಸದ್ದಾದರೆ ತಲೆಯೇ ಅಡ್ಡವಾಗಿ ಆಚೆ ಕಿವಿಗೆ ಸಣ್ಣಗೂ ಕೇಳುತ್ತದೆ. ಇಷ್ಟರಲ್ಲೇ ಮಿದುಳು ದಿಕ್ಕು ಹಿಡಿಯುತ್ತದೆ. ಎರಡು ಕಿವಿಯೂ ಚಾಚೂ ತಪ್ಪದೆ ಒಂದೇ ವರದಿ ಕೊಟ್ಟರೆ ಸದ್ದು ಎಡದ್ದೋ ಬಲದ್ದೋ ತಿಳಿಯದು.

"ನಮ್ಮನೇಲೂ ಅಷ್ಟೇ. ಇಬ್ಬರ ಮಾತು ಬೇರೆ ಇದ್ದರೇನೇ ಸತ್ಯ ಎಲ್ಲಿದೆ ಅಂತ ಮಗನಿಗೆ ಗೊತ್ತಾಗೋದು."

ಈ ವಿದ್ಯೆಗೂ ನಮ್ಮ ಕೇರಿಗೂ ನಂಟಿದೆ. ಆಲನ್ ಬ್ಲಮ್‌ಲೈನ್ ಅಂತ ಒಬ್ಬ ಎಂಜಿನಿಯರ್, ಇಲ್ಲೇ ಹೇಸ್‌ನ ಇಎಂಐಯಲ್ಲಿದ್ದವನು. ಹೆಂಡತಿ ಜೊತೆ ಸಿನಿಮಾಕ್ಕೆ ಹೋಗಿದ್ದನಂತೆ. ನಟ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ಮಾತು ಮಾತ್ರ ಒಂದೇ ಕಡೆಯಿಂದ ಬರುತ್ತಿತ್ತು. ಇದನ್ನು ಸರಿಮಾಡುತ್ತೇನೆ ಅಂದ. 1931ರ ಡಿಸೆಂಬರ್ 14ಕ್ಕೆ ಪೇಟೆಂಟ್‌ಗೆ ಅರ್ಜಿ ಹಾಕಿಯೇ ಬಿಟ್ಟ. ನಾವು ಸ್ಟೀರಿಯೋ ಅನ್ನುವುದಕ್ಕೆ ಅವನು ಅಂದದ್ದು ಬೈನಾರಲ್. ಈಗ ಆ ಪದವನ್ನು ಹೆಚ್ಚಾಗಿ, ಗೊಂಬೆ ತಲೆಯ ಎರಡು ಕಿವಿಯಲ್ಲಿ ಮೈಕ್ ಇಟ್ಟು ಹಿಡಿದು ಹೆಡ್‌ಫೋನಿನಲ್ಲಿ ಕೇಳುವ ಧ್ವನಿಮುದ್ರಣಕ್ಕೆ ಬಳಸುತ್ತಾರೆ. ಮಿಷನ್ ಕೊಡುವವರಿಗಂತೂ ಜೋಡಿ ಅಂದರೆ ಆಯಿತು.

"ಇಎಂಐ ಅಂದರೆ ಎಚ್‌ಎಂವಿಯವರಲ್ಲವೇ? ನಮ್ಮಪ್ಪ ತಂದ ಪ್ಲೇಟುಗಳ ಮೇಲೆ ಆ ನಾಯಿ ಇರ್ತಿತ್ತು, ಕಹಳೆ ಮುಂದೆ ಕೂತು."

ಅದೇ ಕಂಪನಿ. ಬ್ಲಮ್‌ಲೈನ್ 1935ರಲ್ಲಿ ಹೇಸ್ ಸ್ಟೇಷನ್ನಿನ ರೈಲುಗಳನ್ನು ಸದ್ದಿನ ಸಮೇತ ಚಿತ್ರೀಕರಿಸಿದ. ರೈಲು ಹೋದ ಕಡೆಗೇ ಸದ್ದೂ ಹೋಗುತ್ತದೆ. ಅವನಿದ್ದ ಮನೆ ಈಲಿಂಗ್‌ನ ದಿ ರೈಡಿಂಗ್ಸ್‌ನಲ್ಲಿದೆ, ನಮ್ಮಿಂದ ಎರಡು ಸ್ಟೇಷನ್ ಆಚೆ ಹ್ಯಾಂಗರ್ ಲೇನ್‌ನಲ್ಲಿ ಇಳಿದರೆ ಹತ್ತಿರ. ಗೋಡೆಗೆ ನೀಲಿ ಫಲಕ ಹಾಕಿದ್ದಾರೆ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು ತೀರಿಕೊಂಡ, 38 ವಯಸ್ಸಿಗೇ. ರಾಯರು ಸ್ವಲ್ಪ ಹೊತ್ತು ಕಾಗದ ಮಡಿಸುತ್ತ ನಿಂತರು.

"ಇರಲಿ ಬಿಡಮ್ಮ. ನನಗೇನು ರೈಲು ಕೇಳಬೇಕೇ? ಒಂದರಲ್ಲೇ ಎಲ್ಲ ಸ್ಪಷ್ಟ."

ಅಷ್ಟರಲ್ಲಿ ಅವರ ಅಡುಗೆಮನೆ ಕಿಟಕಿಯಿಂದ ಕೂಗು ಬಂತು: "ರೀ, ಕಾಫಿ ಆರ್ತಿದೆ!"

"ಬಂದೆ ಕಣೇ!" ಅಂದರು ರಾಯರು, ನಮ್ಮ ಮನೆ ಕಡೆ ತಿರುಗಿ.