ಟೆಸ್ಟರ್ ರಾಯರ ಧರ್ಮಾರ್ಥ ಕರೆಂಟು

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಯಾವ ಊರಿಗೆ ಹೋದರೂ ಟೆಸ್ಟರ್ ರಾಯರು ಒಬ್ಬರು ಸಿಕ್ಕೇ ಸಿಗುತ್ತಾರೆ. ಬೇರೆಯವರು ಜೇಬಿಗೆ ಪೆನ್ನು ಸಿಕ್ಕಿಸಿದರೆ ಇವರು ಟೆಸ್ಟರ್ ಸಿಕ್ಕಿಸುತ್ತಾರೆ. ಮದುವೆ ಮನೆಗೆ ಹೋದರೂ ಮೊದಲು ನೋಡುವುದು ಮದುಮಕ್ಕಳನ್ನಲ್ಲ, ಸ್ವಿಚ್ ಬೋರ್ಡನ್ನು. "ಅರ್ತಿಂಗ್ ಸರಿ ಇಲ್ಲ" ಎಂದು ತೀರ್ಪು ಕೊಟ್ಟ ಮೇಲೆಯೇ ಎಲೆಯ ಮುಂದೆ ಕೂರುವುದು. ಅವರ ಮನೆಯ ಅರ್ತಿಂಗ್ ಗುಂಡಿ ಎಲ್ಲಿ ಎಂದು ಮಾತ್ರ ಕೇಳಬೇಡಿ. ಅದರ ಮೇಲೆ ಈಗ ಕೊಟ್ಟಿಗೆ ಎದ್ದಿದೆ.

ಈ ಕಡೆಗೆ ಕರೆಂಟು ಕೊಡುವ ಮೆಸ್ಕಾಂ ಹುಟ್ಟಿದ್ದು 2002ರಲ್ಲಿ. ರಾಯರ ಬಾಯಲ್ಲಿ ಅದಿನ್ನೂ ಕೆಇಬಿಯೇ. ಆಷಾಢದ ಗಾಳಿಗೆ ಕರೆಂಟು ಹೋದ ಕೂಡಲೇ ಜಗಲಿಗೆ ಬಂದು, ಕತ್ತೆತ್ತಿ ಆಕಾಶ ನೋಡಿ, "ಟಿಸಿ ಫ್ಯೂಸ್ ಅಲ್ಲ ಮಾರಾಯ, 11 ಕೆವಿ ಲೈನಿಗೇ ಮರ ಬಿದ್ದದೆ" ಎಂದು ಘೋಷಿಸುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯೂ ಆಗಿರುತ್ತದೆ. ಕಷ್ಟವಿರುವುದೇ ಅಲ್ಲಿ. ಅಷ್ಟು ಸರಿ ಹೇಳುವವರಿಗೆ ಬುದ್ಧಿ ಹೇಳುವವರು ಯಾರು?

ಒಂದು ಮಳೆಗಾಲ ವಾರವಿಡೀ ಕರೆಂಟು ಬರದಿದ್ದಾಗ ರಾಯರು 2 ಕೆವಿಎ ಜನರೇಟರ್ ತಂದರು. ಲೆಕ್ಕ ಕಾಗದದ ಮೇಲೇ ಇತ್ತು: ಒಂದು ಎಚ್‌ಪಿ ಪಂಪಿಗೆ 746 ವ್ಯಾಟ್, ಫ್ರಿಜ್ಜಿಗಿಷ್ಟು, ನಾಲ್ಕು ಬಲ್ಬಿಗಿಷ್ಟು, ಇನ್ನೂ ಮಿಗುತ್ತದೆ. ಮೋಟಾರು ಎದ್ದೇಳುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ ಎಂಬುದು ಆ ಕಾಗದದಲ್ಲಿ ಇರಲಿಲ್ಲ. ಪಂಪ್ ಹಾಕಿದೊಡನೆ ಜನರೇಟರ್ ನರಳಿತು, ದೀಪಗಳು ಮಂಕಾದವು. ರಾಯರು ಮುಖ ಸಿಂಡರಿಸಿ, "ಬಂಕಿನವನು ಪೆಟ್ರೋಲಿಗೆ ನೀರು ಬೆರೆಸಿದಾನೆ" ಎಂದರು.

ಮಳೆಗೆ ನೆನೆಯಬಾರದೆಂದು ಜನರೇಟರನ್ನು ಬಚ್ಚಲುಮನೆಯಲ್ಲಿ ಇಡುವ ಹಟ ಅವರದು. "ಬಚ್ಚಲೊಲೆಯ ಹೊಗೆ ಕುಡಿದೇ ಬೆಳೆದವರು ನಾವು, ಈ ಹೊಗೆ ಎಂತ ಮಾಡ್ತದೆ?" ಒಲೆಯ ಹೊಗೆ ಕಣ್ಣುರಿಸಿ ಮನುಷ್ಯನನ್ನು ಹೊರಗಟ್ಟುತ್ತದೆ. ಎಂಜಿನ್ನು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮಲಗಿದವರನ್ನು ಮಲಗಿದಂತೆಯೇ ಮುಗಿಸುತ್ತದೆ. ಪುಣ್ಯಕ್ಕೆ ಸದ್ದಿಗೆ ತಲೆ ಸಿಡಿದು ಹೆಂಡತಿಯೇ ಜನರೇಟರನ್ನು ದೂರದ, ನಾಲ್ಕೂ ಕಡೆ ಬಯಲಾದ ಸೌದೆಕೊಟ್ಟಿಗೆಗೆ ಸಾಗಹಾಕಿದರು.

ಇನ್ನು ಜೋಡಿಸುವ ಕಲೆ. ಅಂಗಡಿಯವನು ಚೇಂಜ್ ಓವರ್ ಸ್ವಿಚ್ ತೋರಿಸಿದ್ದ. ರಾಯರು ಬೆಲೆ ಕೇಳಿ ನಕ್ಕು ಬಂದಿದ್ದರು. ಮನೆಗೆ ಬಂದವರೇ ಒಂದು ವೈರಿನ ಎರಡೂ ತುದಿಗೆ ಪ್ಲಗ್ ಕಟ್ಟಿದರು. ಒಂದು ಪ್ಲಗ್ ಜನರೇಟರಿಗೆ, ಇನ್ನೊಂದು ನಡುಮನೆಯ ಸಾಕೆಟ್ಟಿಗೆ. ಒಂದು ತುದಿ ಸಿಕ್ಕಿಸಿದರೆ ಇನ್ನೊಂದು ತುದಿಯ ಪಿನ್ನುಗಳಲ್ಲಿ 230 ವೋಲ್ಟ್ ಬೆತ್ತಲೆ ನಿಂತಿರುತ್ತದೆ. ಮೊಮ್ಮಗ ಮುಟ್ಟಿದರೂ ಅಷ್ಟೇ, ಟೆಸ್ಟರ್ ಹಿಡಿದವರು ಮುಟ್ಟಿದರೂ ಅಷ್ಟೇ.

"ಮೇನ್ ಆಫ್ ಮಾಡ್ತೇನಲ್ಲ, ಹೊರಗೆ ಹೆಂಗೆ ಹೋಗ್ತದೆ?" ಎಂಬುದು ಅವರ ವಾದ.

"ಉಣುಗೋಲು ಹಾಕಿ ಅಂತ ದಿನಾ ಹೇಳ್ತೇನೆ. ದಿನಾ ದನ ತೋಟಕ್ಕೆ ನುಗ್ತದೆ" ಎಂದು ಹೆಂಡತಿ ಒಳಗಿನಿಂದಲೇ ಉತ್ತರ ಕೊಟ್ಟರು.

ಮೇನ್ ಆಫ್ ಮಾಡಲು ಮರೆತ ದಿನ ಏನಾಗುತ್ತದೆ ಎಂಬುದೇ ಈ ಕಥೆಯ ಸ್ವಾರಸ್ಯ. ಪಕ್ಕದ ಮನೆಯವರು ಕೇಳಿದರೆ ಒಂದು ಕರಿಬೇವಿನ ಎಸಳು ಕೊಡದ ರಾಯರು, ಅಂದು ಮೀಟರ್ ದಾಟಿಸಿ ಊರಿಗೆಲ್ಲ ಧರ್ಮಾರ್ಥ ಕರೆಂಟು ಹಂಚಲು ಹೊರಡುತ್ತಾರೆ. ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಮೇಲೆ ಕೆಳಗೆ ಎಂಬ ಭೇದವಿಲ್ಲ. 11,000 ವೋಲ್ಟನ್ನು ಮನೆಗೆಂದು ಇಳಿಸುವ ಅದೇ ಪೆಟ್ಟಿಗೆ, ಮನೆ ಕಡೆಯಿಂದ 230 ನುಗ್ಗಿಸಿದರೆ ಸಾವಿರಾರು ವೋಲ್ಟಿಗೆ ಏರಿಸಿ ಕಂಬಕ್ಕೆ ಕಳಿಸುತ್ತದೆ. ಊರಿನ ಹೊರೆ ತಾಳದೆ ಜನರೇಟರ್ ಉಸಿರು ಬಿಡಬಹುದು. ಆದರೆ ಲೈನು ಹತ್ತಿರವೇ ಕಡಿದಿದ್ದರೆ, ಹೊರೆ ಕಡಿಮೆಯಿದ್ದರೆ, ಬಿಡದೆಯೂ ಇರಬಹುದು. ಆ ಲೈನಿನ ಮೇಲೆ ಯಾರಾದರೂ ಇದ್ದರೆ ಒಂದು ಗಳಿಗೆಯೇ ಸಾಕು. ಇತ್ತ ಲೈನಿನ ಕೆಲಸ ಮುಗಿದು ನಿಜವಾದ ಕರೆಂಟು ಬಂದರೆ ಎರಡೂ ಮುಖಾಮುಖಿಯಾಗಿ ಜನರೇಟರೇ ಸುಟ್ಟೀತು.

ರಾಯರ ಕಣ್ಣು ತೆರೆಸಿದ್ದು ಲೈನ್‌ಮ್ಯಾನ್. ಮಳೆಯಲ್ಲಿ ತೊಯ್ದು ಬಂದವನು ಜಗಲಿಯಲ್ಲಿ ಕಾಫಿ ಕುಡಿಯುತ್ತ, ಸಾಕೆಟ್ಟಿಗೆ ಸಿಕ್ಕಿಸಿದ ಆ ವೈರನ್ನೇ ನೋಡುತ್ತಿದ್ದ.

"ಸಬ್‌ಸ್ಟೇಷನ್ನಿಂದ ಎಲ್‌ಸಿ ತಗೊಂಡೇ ಕಂಬ ಹತ್ತೋದು. ಇನ್ಮೇಲೆ ನಿಮ್ಮ ಮನೆಯಿಂದಲೂ ಒಂದು ಎಲ್‌ಸಿ ತಗೋಬೇಕಾ ರಾಯ್ರೇ?"

ಎಲ್‌ಸಿ ಎಂದರೆ ಲೈನ್ ಕ್ಲಿಯರ್, ಲೈನಿನಲ್ಲಿ ಕರೆಂಟಿಲ್ಲ ಎಂಬ ಖಾತ್ರಿ ಎಂದು ರಾಯರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವರ ಬಳಿ ಉತ್ತರವಿರಲಿಲ್ಲ. ಮರುದಿನ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಬಂದ, ಸ್ವಿಚ್ಚೂ ಬಂತು. ಈಗ ರಾಯರು ಅದು ತಮ್ಮದೇ ಸಂಶೋಧನೆ ಎಂಬಂತೆ ಮನೆಮನೆಗೂ ಹೋಗಿ ಪಾಠ ಮಾಡುತ್ತಾರೆ: "ಹಿಡಿ ಒಂದೇ. ಮೇಲಕ್ಕೆ ಹಾಕಿದರೆ ಕೆಇಬಿ, ಕೆಳಕ್ಕೆ ಹಾಕಿದರೆ ಜನರೇಟರ್, ನಡುವೆ ಆಫ್. ಎರಡೂ ಒಟ್ಟಿಗೆ ಸೇರೋಹಂಗೇ ಇಲ್ಲ. ಫೇಸ್ ಒಂದೇ ಅಲ್ಲ, ನ್ಯೂಟ್ರಲ್ಲೂ ಕಡೀಬೇಕು. ಸಿಂಗಲ್ ಫೇಸಿಗೆ ಎರಡು ಪೋಲಿಂದು, ತ್ರೀ ಫೇಸಿಗೆ ನಾಲ್ಕು ಪೋಲಿಂದು. ಗೊತ್ತಾಯ್ತಾ?"

ನಿಮ್ಮೂರಿನ ರಾಯರು ಇನ್ನೂ ಈ ಹಂತಕ್ಕೆ ಬಂದಿರದಿದ್ದರೆ ಅವರನ್ನು ನಂಬಿ ಕೂರಬೇಡಿ. ಚೇಂಜ್ ಓವರ್ ಸ್ವಿಚ್ಚಿಗೆ ಈಗ ದುಡ್ಡಿಲ್ಲದಿದ್ದರೆ ಮನೆಯ ವೈರಿಂಗಿನ ತಂಟೆಗೇ ಹೋಗದೆ, ಫ್ರಿಜ್ಜಿನ ಪ್ಲಗ್ಗನ್ನು ಒಳ್ಳೆಯ ಎಕ್ಸ್‌ಟೆನ್ಶನ್ ವೈರಿನಲ್ಲಿ ನೇರ ಜನರೇಟರಿಗೆ ಸಿಕ್ಕಿಸಿ; ಅಷ್ಟರಲ್ಲೇ ಆ ರಾತ್ರಿ ಕಳೆಯುತ್ತದೆ. ಎರಡು ಕಡೆ ಪ್ಲಗ್ ಇರುವ ವೈರು ಮನೆಯಲ್ಲಿದ್ದರೆ ಇಂದೇ ಕತ್ತರಿಸಿ ಹಾಕಿ. ಕತ್ತರಿಸುವ ಮೊದಲು ಎರಡೂ ತುದಿ ಕಳಚಿದೆಯೇ ಎಂದು ನೋಡಿಕೊಳ್ಳಿ.