ತಾರಿಹಾಳದ ನಂಜುಶಾಸ್ತ್ರ

ಗಾಯ ಆಳವಾದಷ್ಟೂ ಅದರ ಬಗೆಗಿನ ಚಿಂತೆ ಇಳಿಯುತ್ತದೆ, ಗಾಯ ಕಣ್ಣಿಗೆ ಕಾಣದಷ್ಟು ಚಿಕ್ಕದಾದಾಗ ಚಿಂತೆ ತುತ್ತತುದಿ ಮುಟ್ಟುತ್ತದೆ ಎಂಬ ನಿಯಮವನ್ನು ವೈದ್ಯಶಾಸ್ತ್ರದ ಗ್ರಂಥಗಳು ದಾಖಲಿಸಿಲ್ಲವಾದರೂ, ಹುಬ್ಬಳ್ಳಿಯ ಅಂಚಿನ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಪಾಳಿ ಮುಗಿಯುವುದರೊಳಗೆ ಅದಕ್ಕೆ ಬೇಕಾದಷ್ಟು ಪುರಾವೆ ದೊರೆಯುತ್ತದೆ. ಲೇತ್ ಯಂತ್ರದಿಂದ ಸುರುಳಿ ಸುರುಳಿಯಾಗಿ ಹೊರಬರುವ ಬಿಸಿ ಉಕ್ಕಿನ ಎಳೆ ಅಂಗೈಯನ್ನು ಸೀಳಿದಾಗ ಅದನ್ನು ನಡೆಸುವ ಕೆಲಸಗಾರ, ಯಂತ್ರ ಒರೆಸಲೆಂದು ತಂದಿಟ್ಟ ಬನಿಯನ್ ವೇಸ್ಟನ್ನೇ, ಅಂದರೆ ಬನಿಯನ್ ಹೊಲಿಯುವಲ್ಲಿ ಉಳಿದ ಚಿಂದಿಯನ್ನೇ ಕೈಗೆ ಸುತ್ತಿ, "ಏನಾಗಂಗಿಲ್ಲ ತಗೋ" ಎಂದು ಕೆಲಸ ಮುಂದುವರಿಸುತ್ತಾನೆ. ಅದೇ ಶೆಡ್ಡಿನ ಮೂಲೆಯಲ್ಲಿ ಲೆಕ್ಕ ಬರೆಯುವವನ ಬೆರಳಿಗೆ ಸ್ಟೇಪ್ಲರ್ ಪಿನ್ನು ತಗುಲಿದರೆ, ಅವನು ರಕ್ತ ಬಂದಿದೆಯೋ ಇಲ್ಲವೋ ಎಂದು ಬೆರಳನ್ನು ಹಿಂಡುತ್ತಾನೆ, ಹಿಂಡಿದ್ದರಿಂದಲೇ ಬಂದ ಒಂದು ಹನಿಯನ್ನು ಕಂಡು ಬೆವರುತ್ತಾನೆ, ಆ ಪಿನ್ನು ಹಿಂದೆ ಯಾವ ಕಾಗದದಲ್ಲಿತ್ತು, ಆ ಕಾಗದ ಯಾವ ಊರಿನಿಂದ ಬಂದಿತ್ತು ಎಂಬುದರ ವಂಶಾವಳಿಯನ್ನು ಶೋಧಿಸತೊಡಗುತ್ತಾನೆ.

ಇಂಥ ಸಂದರ್ಭಗಳಿಗೆಂದೇ ಕಾನೂನು ಒಂದು ಪೆಟ್ಟಿಗೆಯನ್ನು ಕಲ್ಪಿಸಿದೆ. 1948ರ ಕಾರ್ಖಾನೆ ಕಾಯಿದೆಯ 45ನೆಯ ಕಲಮು ಪ್ರತಿ 150 ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ವಿಧಿಸಿದ್ದಲ್ಲದೆ, ಗೊತ್ತುಪಡಿಸಿದ ಸಾಮಗ್ರಿಗಳ ಹೊರತು ಬೇರೆ ಯಾವುದನ್ನೂ ಅದರಲ್ಲಿ ಇಡಕೂಡದೆಂದೂ ಸ್ಪಷ್ಟವಾಗಿ ಹೇಳಿತ್ತು. ಕರಡು ಬರೆದವರಿಗೆ ಈ ದೇಶದಲ್ಲಿ ಮುಚ್ಚಳವಿರುವ ಪೆಟ್ಟಿಗೆಗಳ ಗತಿಯೇನಾಗುತ್ತದೆಂಬುದು ಚೆನ್ನಾಗಿ ತಿಳಿದಿತ್ತೆಂದು ಇದರಿಂದ ಊಹಿಸಬಹುದು. ಹಾಗಿದ್ದೂ ಕೆಂಪು ಕೂಡುಗೆರೆಯ ಈ ಪೆಟ್ಟಿಗೆ ಎಲ್ಲಿಯಾದರೂ ತೆರೆದುಕೊಂಡರೆ ಅದರಲ್ಲಿ ಊದುಬತ್ತಿ, ಬೆಂಕಿಪೊಟ್ಟಣ, ಚಹಾದಂಗಡಿಯ ಲೆಕ್ಕದ ಚೀಟಿ ಮತ್ತು ಯಾವ ಬೀಗಕ್ಕೂ ಹೊಂದದ ಒಂದು ಕೀಲಿಕೈ ಕಾಣಸಿಗುವುದು ಅಪರೂಪವೇನಲ್ಲ. ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯ ಸುರುಳಿ ಮಾತ್ರ ಆಯುಧಪೂಜೆಯ ದಿನ ಒಡೆಯದೆ ಉಳಿದ ಕುಂಬಳಕಾಯಿಗಿಂತ ಹೆಚ್ಚು ಭದ್ರವಾಗಿ, ಕಟ್ಟು ಬಿಚ್ಚದೆ ಉಳಿದಿರುತ್ತದೆ.

ತಾರಿಹಾಳದ ನಂಜುಶಾಸ್ತ್ರದಲ್ಲಿ ಪ್ರಧಾನ ದೇವತೆ ತುಕ್ಕು. ಈ ಭಾಗದಲ್ಲಿ ಜಂಗು ಎಂದೂ ಕರೆಯುವ ಈ ಕೆಂಪು ಪುಡಿ ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ ಸೇರಿ ಹುಟ್ಟುವಂಥದು. ಅದಕ್ಕೆ ಜೀವವಿಲ್ಲ, ಯಾವ ರೋಗವನ್ನೂ ಹುಟ್ಟಿಸುವ ಶಕ್ತಿಯಿಲ್ಲ. ಆದರೆ "ಮೊಳಿ ಚುಚ್ಚೇತಿ" ಎಂದವನಿಗೆ ಎದುರಾಗುವ ಮೊದಲ ಪ್ರಶ್ನೆ ಎಷ್ಟು ಆಳ ಚುಚ್ಚಿದೆ, ಎಲ್ಲಿ ಬಿದ್ದಿತ್ತು ಎಂಬುದಲ್ಲ, "ಜಂಗ ಹಿಡದಿತ್ತೇನು?" ಎಂಬುದೇ. ಹೊಳೆಯುವ ಹೊಸ ಮೊಳೆ ಚುಚ್ಚಿದವನು ಅದೃಷ್ಟವಂತನೆಂದೂ ತುಕ್ಕಿನ ಮೊಳೆ ಚುಚ್ಚಿದವನು ಕೂಡಲೇ ಸೂಜಿ ಮಾಡಿಸಿಕೊಳ್ಳಬೇಕಾದವನೆಂದೂ ತೀರ್ಮಾನವಾಗುತ್ತದೆ. ಸೂಜಿಯೆಂದರೆ ಟಿ.ಟಿ., ಧನುರ್ವಾಯುವನ್ನು ತಡೆಯುವ ಲಸಿಕೆ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಈಗ ಅದರ ಜಾಗಕ್ಕೆ ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಬಂದಿದ್ದರೂ, ಜನರ ಬಾಯಲ್ಲಿ ಅದು ಟೀಟಿಯಾಗಿಯೇ ಉಳಿದಿದೆ. ಈ ಸೂಜಿಯ ಆಯುಷ್ಯ ಆರು ತಿಂಗಳು ಎಂಬುದು ಸರ್ವಸಮ್ಮತ ಲೋಕಸಿದ್ಧಾಂತ; "ಆರ ತಿಂಗಳಾತು, ಪಾವರ್ ಹೋಗಿರತೈತಿ" ಎಂಬ ಮಾತಿಗೆ ಎದುರಾಡಿದವರು ತಾರಿಹಾಳದಲ್ಲಿ ಕಡಿಮೆ. ವೈದ್ಯರ ಲೆಕ್ಕ ಇದಕ್ಕಿಂತ ಬಹಳ ಉದಾರವಾದದ್ದು. ಬಾಲ್ಯದ ಲಸಿಕೆಗಳು ಸರಿಯಾಗಿ ಆಗಿದ್ದವರಿಗೆ ಶುಚಿಯಾದ ಸಣ್ಣ ಗಾಯವಾದರೆ 10 ವರ್ಷ, ಮಣ್ಣು ಮೆತ್ತಿದ ಗಾಯವಾದರೆ 5 ವರ್ಷ ಕಳೆದಿದ್ದರಷ್ಟೇ ಇನ್ನೊಂದು ಸೂಜಿ ಬೇಕಾಗುತ್ತದೆ. ವರ್ಷಕ್ಕೆರಡು ಸಲ ತೋಳೊಡ್ಡುವ ಗುಮಾಸ್ತ ಹಾಗೆ ನೋಡಿದರೆ ಮುಂದಿನ ಜನ್ಮದ ಕಂತನ್ನೂ ಮುಂಗಡ ಕಟ್ಟಿರುತ್ತಾನೆ.

ತುಕ್ಕನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದ್ದರಿಂದ ಆದ ದೊಡ್ಡ ಲೋಪವೆಂದರೆ ನಿಜವಾದ ಅಪರಾಧಿ ಕಾಲಡಿಯಲ್ಲೇ ಹಾಯಾಗಿ ಉಳಿದದ್ದು. ಧನುರ್ವಾಯುವಿನ ಸೂಕ್ಷ್ಮಜೀವಿ ಮಣ್ಣಿನಲ್ಲಿದೆ ಎಂಬುದನ್ನು ಜರ್ಮನಿಯ ಆರ್ಥರ್ ನಿಕೋಲಾಯರ್ 1884ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಜಪಾನಿನ ಕಿತಾಸಾತೊ 1889ರಲ್ಲಿ ಅದನ್ನು ಬೇರ್ಪಡಿಸಿ ಬೆಳೆಸಿದರು. ಗಾಳಿಯನ್ನು ಸಹಿಸದ ಈ ಜೀವಿ ಬೀಜಕದ, ಎಂದರೆ ಗಟ್ಟಿ ಕವಚ ತೊಟ್ಟ ನಿದ್ರಾವಸ್ಥೆಯ ರೂಪದಲ್ಲಿ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ, ಸಾಮಾನ್ಯ ಕುದಿಯುವ ನೀರಿಗೂ ಜಗ್ಗುವುದಿಲ್ಲ, ಸಗಣಿ ಗೊಬ್ಬರ ಬಿದ್ದ ನೆಲದಲ್ಲಿ ಇನ್ನೂ ಹೇರಳವಾಗಿರುತ್ತದೆ. ಮೊಳೆಯ ತಪ್ಪೇನಿದ್ದರೂ ಅದು ಬಹಳ ಹೊತ್ತು ನೆಲದಲ್ಲಿ ಬಿದ್ದಿದ್ದು, ಮಣ್ಣನ್ನು ಗಾಳಿಯಾಡದ ಆಳಕ್ಕೆ ಒಯ್ಯುವುದಷ್ಟೇ. ತುಕ್ಕು ಅದು ಅಲ್ಲಿ ಬಿದ್ದಿದ್ದ ಕಾಲದ ಸಾಕ್ಷಿ ಮಾತ್ರ. ಹೊಲಗಳ ಸೆರಗಿನಲ್ಲೇ ಶೆಡ್ಡುಗಳು ಎದ್ದು ನಿಂತಿರುವ ತಾರಿಹಾಳದಂಥ ಕಡೆ, ಒಡೆದ ಹಿಮ್ಮಡಿಯಲ್ಲಿ ಬರಿಗಾಲಿನಿಂದ ಕೊಟ್ಟಿಗೆ ಬಳಿಯುವವರು, ಬೇಲಿಮುಳ್ಳನ್ನು ಇನ್ನೊಂದು ಮುಳ್ಳಿನಿಂದಲೇ ಕಿತ್ತು ಅಲ್ಲೇ ಎಸೆದು ನಡೆಯುವವರು ಒಮ್ಮೆಯೂ ಸೂಜಿಯ ಮಾತೆತ್ತುವುದಿಲ್ಲ. ಮುಳ್ಳಿಗೆ ತುಕ್ಕು ಹಿಡಿಯುವುದಿಲ್ಲವಲ್ಲ!

ಸೂಜಿಯನ್ನು ಇಷ್ಟು ಭಕ್ತಿಯಿಂದ ಬೇಡುವ ಈ ಊರಿಗೆ ಸೂಜಿಯ ಭಯವೂ ಹೊಸದಲ್ಲ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ, ಒಡೆಸ್ಸಾದಲ್ಲಿ ಹುಟ್ಟಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿದ ವಾಲ್ಡೆಮಾರ್ ಹಾಫ್‌ಕಿನ್ ಅವರ ಔಷಧವನ್ನು ಲ್ಯೂಮನ್ ಎಂಬ ಸೇನಾ ವೈದ್ಯರು ಇಲ್ಲಿ ಚುಚ್ಚಲು ತೊಡಗಿದರು. ಆ ಕಾಲದ ಮುಂಬಯಿ ಪ್ರಾಂತದಲ್ಲಿ ಸೂಜಿಯ ಬಗೆಗೆ ಹಬ್ಬಿದ್ದ ವದಂತಿಗಳಿಗೆ ಲೆಕ್ಕವಿರಲಿಲ್ಲ. ಸರ್ಕಾರ ಅದರಿಂದ ಜಾತಿ ಕೆಡಿಸುತ್ತದೆ, ಜೀವ ತೆಗೆಯುತ್ತದೆ ಎಂದು ನಂಬಿದವರು ರೋಗಕ್ಕಿಂತ ವೈದ್ಯರಿಗೇ ಹೆಚ್ಚು ಹೆದರಿದ್ದರು. ಅಂಥ ಹೊತ್ತಿನಲ್ಲಿ ಸುಮಾರು 50 ಸಾವಿರ ಜನರಿದ್ದ ಹುಬ್ಬಳ್ಳಿಯಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ತೋಳು ಒಡ್ಡಿದ್ದು, ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಇಳಿದದ್ದು ಲಸಿಕೆಯ ಇತಿಹಾಸದಲ್ಲಿ ದಾಖಲಾದ ಸಂಗತಿ. ಹುಬ್ಬಳ್ಳಿಯ ಅಂಕಿಗಳನ್ನು ಹಾಫ್‌ಕಿನ್ ತಮ್ಮ ಲಸಿಕೆಯ ಪರವಾಗಿ ಹೆಮ್ಮೆಯಿಂದ ಎತ್ತಿ ತೋರಿಸಬಹುದಾಗಿತ್ತು, ತೋರಿಸಿದರು ಕೂಡ.

ಆದರೆ ಆ ಲಸಿಕೆಯ ಕಥೆಯಲ್ಲಿ ಮಣ್ಣು ತನ್ನ ಪಾಲನ್ನು ಕೇಳದೆ ಬಿಡಲಿಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಪ್ಲೇಗಿನ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ವಿಚಾರಣೆ ಮುಂಬಯಿಯ ಪ್ರಯೋಗಾಲಯದತ್ತ ಬೊಟ್ಟು ಮಾಡಿತು, ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆ ದಿನ ಬಾಟಲಿ ತೆರೆಯುವಾಗ ಚಿಮಟ ಹಳ್ಳಿಯ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆಯೇ ಬಳಸಲಾಗಿತ್ತು ಎಂಬುದು ಬೆಳಕಿಗೆ ಬಂದು, ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದ ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದ ಮೇಲೆ, 1907ರಲ್ಲಷ್ಟೇ ಹಾಫ್‌ಕಿನ್ ಮೇಲಿನ ಕಳಂಕ ತೊಳೆದುಹೋಯಿತು. ಚಿಮಟಕ್ಕೆ ತುಕ್ಕು ಹಿಡಿದಿತ್ತೇ ಎಂದು ಆ ಐದು ವರ್ಷಗಳಲ್ಲಿ ಯಾರೂ ಕೇಳಲಿಲ್ಲ. ತಾರಿಹಾಳದವರು ವಿಚಾರಣಾ ಸಮಿತಿಯಲ್ಲಿದ್ದಿದ್ದರೆ ಅದು ಮೊದಲ ಪ್ರಶ್ನೆಯಾಗುತ್ತಿತ್ತು.

ಸೂಜಿಯಾದ ಮೇಲೆ ಪಥ್ಯ ಶುರುವಾಗುತ್ತದೆ, ಇದನ್ನು ಇಲ್ಲಿ ಬಾಯಿ ಕಟ್ಟುವುದು ಎನ್ನುತ್ತಾರೆ. ಗಾಯವನ್ನು ಕೀವಾಗಿಸುವ, ಮಾಯಲು ಬಿಡದ ಗುಣಕ್ಕೆ ನಂಜು ಎಂದು ಹೆಸರು; ಆ ಗುಣ ಹೊರಗಿನ ಕೊಳೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ತಟ್ಟೆಯೊಳಗಿರುತ್ತದೆ ಎಂಬುದು ಹಿರಿಯರ ಅಭಿಪ್ರಾಯ. ಆರೋಪಿಗಳ ಪಟ್ಟಿಯಲ್ಲಿ ಬದನೆಕಾಯಿಗೆ ಖಾಯಂ ಸ್ಥಾನ. ಧಾರವಾಡ ಸೀಮೆಯಲ್ಲಿ ಬದನೆಕಾಯಿ ಬಿಡುವುದೆಂದರೆ ಶೇಂಗಾಪುಡಿ ತುಂಬಿದ ಎಣ್ಣೆಗಾಯಿ ಬಿಡುವುದು, ಎಣ್ಣೆಗಾಯಿ ಬಿಡುವುದೆಂದರೆ ಜೋಳದ ರೊಟ್ಟಿಯ ಅರ್ಧ ಪ್ರಯೋಜನವನ್ನೇ ಬಿಡುವುದು. ಹೀಗಾಗಿ ಬೆರಳ ಮೇಲಿನ ಒಂದು ಗೀರು ಇಡೀ ಮನೆಯ ಊಟವನ್ನು ಎಂಟು ದಿನ ಸೊಪ್ಪಿನ ಪಲ್ಯಕ್ಕೆ ಇಳಿಸುತ್ತದೆ. ಬದನೆಕಾಯಿ ಗಾಯಕ್ಕೆ ಸೋಂಕು ತರುತ್ತದೆಂಬುದಕ್ಕೆ ಆಧಾರವಿಲ್ಲ. ಅದೇ ಹೊತ್ತಿಗೆ ಗೀರಿನ ಮೇಲೆ ಒಗ್ಗರಣೆ ಡಬ್ಬಿಯ ಅರಿಶಿನವನ್ನು, ಹಿಟ್ಟು ಮೆತ್ತಿದ ಕೈಯಿಂದಲೇ ತೆಗೆದು ಒತ್ತಲಾಗುತ್ತದೆ. ಅರಿಶಿನದಲ್ಲಿ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವ ಅಂಶವಿರುವುದು ನಿಜವಾದರೂ ಆ ಡಬ್ಬಿಯಲ್ಲಿ ಅರಿಶಿನ ಒಂದೇ ಇರುವುದಿಲ್ಲ ಎಂಬುದೂ ಅಷ್ಟೇ ನಿಜ. ಹರಿಯುವ ನೀರು, ಸೋಪು ಎಂಬ ಅತ್ಯಂತ ಅಗ್ಗದ ಮತ್ತು ಅತ್ಯಂತ ಫಲಕಾರಿಯಾದ ಚಿಕಿತ್ಸೆಯನ್ನು ಸೂಚಿಸಿದರೆ, "ನೀರ ಹತ್ತಿದ್ರ ನಂಜಾಕ್ಕೈತಿ" ಎಂದು ಒಮ್ಮತದಿಂದ ತಳ್ಳಿಹಾಕುವುದು ವಾಡಿಕೆ.

ಗಾಯದಿಂದ ಬರುವ ಭಯ ಇಷ್ಟಾದರೆ, ಇನ್ನೊಬ್ಬರ ಸ್ಪರ್ಶದಿಂದ ಬರುವ ಭಯಕ್ಕೆ ಬೇರೆಯದೇ ವ್ಯಾಕರಣವಿದೆ. 1986ರಲ್ಲಿ ಅಂದಿನ ಮದ್ರಾಸಿನಲ್ಲಿ ಎಚ್‌ಐವಿ ಸೋಂಕು ಭಾರತದಲ್ಲಿ ಮೊದಲಿಗೆ ಪತ್ತೆಯಾದ ನಂತರದ ವರ್ಷಗಳಲ್ಲಿ, ಕೈಕುಲುಕಿದರೆ, ಒಂದೇ ಲೋಟದಲ್ಲಿ ಕುಡಿದರೆ ಅದು ಬರುತ್ತದೆಂಬ ತಪ್ಪು ತಿಳಿವಳಿಕೆ ಹಬ್ಬಿ ಎಷ್ಟೋ ಜನರನ್ನು ಅವರ ಮನೆಯಲ್ಲೇ ಅನ್ಯರನ್ನಾಗಿಸಿತು; ಅದು ನಗುವ ವಿಷಯವಲ್ಲ. ನಗಬಹುದಾದದ್ದು ಕ್ಷೌರದಂಗಡಿಯಲ್ಲಿ ಉಳಿದಿದೆ. ಅಲ್ಲಿ ಕುಳಿತ ಗಿರಾಕಿ ಕನ್ನಡಿಯಲ್ಲಿ ಕಣ್ಣಿಟ್ಟು, ಹೊಸ ಬ್ಲೇಡನ್ನು ಕಾಗದದಿಂದ ಬಿಚ್ಚಿ, ಎರಡಾಗಿ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸುವವರೆಗೆ ಕುತ್ತಿಗೆ ಒಡ್ಡುವುದಿಲ್ಲ. ಇದು ವಿವೇಕದ ನಡೆಯೇ, ಏಕೆಂದರೆ ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗದ ವೈರಾಣು ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕಿರಬಲ್ಲದು. ಇಷ್ಟು ಎಚ್ಚರದ ಕ್ಷೌರ ಮುಗಿದ ಮೇಲೆ, ಬೆಳಗಿನಿಂದ ಬಂದ ಎಲ್ಲ ಗಿರಾಕಿಗಳ ಕೆನ್ನೆ ಸವರಿ ನುಣುಪಾದ ಒಂದೇ ಪಟಿಕದ ಗಡ್ಡೆಯನ್ನು ತನ್ನ ಹೊಸ ಗೀರುಗಳ ಮೇಲೆ ಉಜ್ಜಿಸಿಕೊಂಡು, ಆ ಉರಿಯಲ್ಲೇ ಶುದ್ಧಿಯ ಅನುಭವ ಪಡೆದು ಅವನು ಹಣ ಕೊಟ್ಟು ಏಳುತ್ತಾನೆ.

ಕಣ್ಣುಬೇನೆ ಬಂದವರನ್ನು ನೋಡಿದರೇ ಬೇನೆ ಹತ್ತುತ್ತದೆಂಬ ನಂಬಿಕೆ ಇನ್ನೂ ವಿಚಿತ್ರ. ಅದು ಕೈ, ಟವೆಲು, ದಿಂಬುಗಳ ಮೂಲಕ ಹರಡುವ ರೋಗ, ದೃಷ್ಟಿಯ ಮೂಲಕವಲ್ಲ. ಆದರೂ ಕಪ್ಪು ಚಸ್ಮಾ ಹಾಕಿಕೊಂಡು ಬಂದ ರೋಗಿಗೆ ಎದುರಿನವರು ಮುಖ ತಿರುಗಿಸಿಯೇ ಕೈ ಕೊಡುತ್ತಾರೆ. ಇದಕ್ಕೆ ಹೋಲಿಸಿದರೆ ಶಾಲೆಯ ಮಕ್ಕಳ ಗುಬ್ಬಿ ಎಂಜಲಿನ ಪದ್ಧತಿಯಲ್ಲಿ ಹೆಚ್ಚು ತರ್ಕವಿದೆ. ಪೇರಲೆಯನ್ನೋ ಮಿಠಾಯಿಯನ್ನೋ ಅಂಗಿಯ ಚುಂಗಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದ ಕಚ್ಚಿ ತುಂಡರಿಸಿ ಗೆಳೆಯರಿಗೆ ಹಂಚುವ ಈ ಕ್ರಮದಲ್ಲಿ, ತಡೆಗೋಡೆ ಎಂಬ ತತ್ತ್ವವಾದರೂ ಸ್ಪಷ್ಟವಾಗಿದೆ. ಆ ಅಂಗಿಯಿಂದಲೇ ಅಂದು ಮೂಗನ್ನೂ ಒರೆಸಿರುವುದು ಅನುಷ್ಠಾನದ ದೋಷ, ಸಿದ್ಧಾಂತದ್ದಲ್ಲ.

ಗಾಯ, ಸ್ಪರ್ಶ ಎರಡೂ ಚಿಂತೆಗಳು ಒಂದೆಡೆ ಸೇರುವುದು ಕಾರ್ಖಾನೆಯ ಬಾಗಿಲಲ್ಲಿ ನೇತುಹಾಕಿದ ಹೆಬ್ಬೆಟ್ಟಿನ ಹಾಜರಿ ಯಂತ್ರದ ಮುಂದೆ. ಪಿನ್ನು ಚುಚ್ಚಿದ ಗುಮಾಸ್ತ ಸೂಜಿ ಮಾಡಿಸಿಕೊಂಡು, ಬದನೆಕಾಯಿ ಬಿಟ್ಟು, ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಮರುದಿನ ಬಂದಾಗ, ಆ ಯಂತ್ರ ಬಟ್ಟೆಯ ಹೆಬ್ಬೆಟ್ಟನ್ನು ಒಪ್ಪದೆ ಮತ್ತೆ ಮತ್ತೆ ಕೆಂಪು ದೀಪ ತೋರಿಸುತ್ತದೆ. ಹಿಂದಿನ ಸಾಲಿನಿಂದ "ಲಗೂನ ಒತ್ರೀ ಸರ, ಅರ್ಧ ದಿನದ ಪಗಾರ ಹೊಕ್ಕೈತಿ" ಎಂಬ ಕೂಗು ಕೇಳುತ್ತದೆ. ಅವನು ಒಮ್ಮೆ ಗಡಿಯಾರ ನೋಡಿ, ಬ್ಯಾಂಡೇಜನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಎರಕದ ಮನೆಯವರೂ ಗುಜರಿ ಹೊರುವವರೂ ಲೇತಿನವರೂ ಆಗಲೇ ಒತ್ತಿಹೋದ ಆ ಜಿಡ್ಡುಗಾಜಿನ ಮೇಲೆ ಹಸಿ ಗಾಯದ ಹೆಬ್ಬೆರಳನ್ನು ಬಲವಾಗಿ ಒತ್ತುತ್ತಾನೆ. ಯಂತ್ರ ಹಸಿರು ದೀಪ ಹೊತ್ತಿಸಿ "ಥ್ಯಾಂಕ್ ಯೂ" ಎನ್ನುತ್ತದೆ.