ನಲವತ್ತು ದಾಟಿದರೆ ವಿನಾಯಿತಿ

ನಮ್ಮ ಮನೆಯ ಕಾರಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ರಸ್ತೆಯ ಬಿಳಿ ಗೆರೆ ತುಳಿದರೆ ಸ್ಟೀರಿಂಗನ್ನು ತಾನೇ ಎಳೆದುಕೊಳ್ಳುತ್ತದೆ. ವೇಗ ತುಸು ಮಿತಿಮೀರಿದರೆ ಕುಂಯ್ ಎನ್ನುತ್ತದೆ. ತೂಕಡಿಕೆಯ ಸುಳಿವು ಸಿಕ್ಕಿತೋ, ಕಾಫಿ ಕಪ್ಪಿನ ಚಿತ್ರ ತೋರಿಸಿ ದಣಿವಾರಿಸಿಕೋ ಎನ್ನುತ್ತದೆ. ಕಾಫಿ ಮಾತ್ರ ಕೊಡುವುದಿಲ್ಲ. ಸೋನಾ ಮಸೂರಿ ಮೂಟೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದಾಗ ಅದು ಎಬ್ಬಿಸಿದ ರಂಪ ತಾಳಲಾರದೆ ನನ್ನವಳು ಅಕ್ಕಿಗೂ ಬೆಲ್ಟ್ ಕಟ್ಟಿದಳು.

ತುಮಕೂರಿನಿಂದ ಬಂದಿಳಿದ ಮಾವನವರ ಲೆಕ್ಕದಲ್ಲಿ ಇದು ಕಾರೇ ಅಲ್ಲ. ಅವರದು ಅಂಬಾಸಡರ್ ಕಾಲ. ಮುಂದೆ ಒಂದೇ ಉದ್ದ ಸೀಟು, ಗೇರು ಸ್ಟೀರಿಂಗಿನ ಬುಡದಲ್ಲಿ. ಮುಂದೆ ನಾಲ್ವರು, ಹಿಂದೆ ಐವರು, ಅವರ ತೊಡೆಯ ಮೇಲೆ ಮಕ್ಕಳು, ಮಕ್ಕಳ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ಹೀಗೇ ಧರ್ಮಸ್ಥಳ ಮುಟ್ಟುತ್ತಿದ್ದರು. ಇಲ್ಲಿ ಇಂಗ್ಲೆಂಡಿನಲ್ಲಿ 12 ವರ್ಷ ತುಂಬುವವರೆಗೆ, ಇಲ್ಲವೇ 135 ಸೆಂಟಿಮೀಟರ್ ಬೆಳೆಯುವವರೆಗೆ ಮಕ್ಕಳಿಗೆ ಬೇರೆ ಸೀಟು ಕಡ್ಡಾಯ ಎಂದೆ.

"ಹಾಗಾದ್ರೆ ನಿಮ್ಮತ್ತೇನ ಹೇಗೆ ಕೂರಿಸಿದ್ರಿ ಅಳಿಯಂದ್ರೆ?"

ಅತ್ತೆ ಕೇಳಿಸಿಕೊಂಡರು. ಮಾತಾಡಲಿಲ್ಲ.

ನಾವಿರುವುದು ಆಕ್ಸ್‌ಫರ್ಡಿನ ಕೌಲಿಯಲ್ಲಿ. ಭಾನುವಾರ ಎಲ್ಲರೂ ಹಳೇ ಕಾರುಗಳ ಪ್ರದರ್ಶನಕ್ಕೆ ಹೋದೆವು. ಸಾಲಿನ ಕೊನೆಯಲ್ಲಿದ್ದ ಕಾರನ್ನು ಕಂಡದ್ದೇ ಮಾವನವರು, "ಅಯ್ಯೋ, ನಮ್ಮ ಅಂಬಾಸಡರ್ರು! ಇದನ್ನ ಯಾರು ಇಲ್ಲಿಗೆ ಹೊತ್ಕೊಂಡು ಬಂದ್ರು?" ಎಂದು ಬಾನೆಟ್ ಸವರಿದರು. ಯಾರೂ ಹೊತ್ತು ತಂದಿರಲಿಲ್ಲ. ಅದು ಇದೇ ಕೌಲಿಯಲ್ಲಿ ಹುಟ್ಟಿದ ಮಾರಿಸ್ ಆಕ್ಸ್‌ಫರ್ಡ್, ಮೂರನೇ ಸರಣಿ. 1956ರಲ್ಲಿ ಬಂದ ಮಾದರಿಯನ್ನು ಇಂಗ್ಲೆಂಡಿನವರು 1959ಕ್ಕೇ ಕೈಬಿಟ್ಟರು. ಬಂಗಾಳದ ಉತ್ತರಪಾರಾದವರು ಅದನ್ನೇ ಅಂಬಾಸಡರ್ ಮಾಡಿ 2014ರವರೆಗೂ ಸಾಕಿದರು.

ಬಿಡಿಭಾಗ ಸಿಗುವುದು ಕಷ್ಟ ಎಂದು ಕಾರಿನ ಯಜಮಾನ ಗೋಳು ತೋಡಿಕೊಂಡ. "ಶಿವಾಜಿನಗರದ ಗುಜರಿಗೆ ಹೇಳಿ ತರಿಸೋಣ" ಎಂದು ಮಾವನವರು ಅಭಯ ಕೊಟ್ಟರು. ಖುಷಿಯಾದ ಆತ ಗುಟ್ಟು ಬಿಚ್ಚಿದ: 40 ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆಯಿಲ್ಲ, ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯೂ ಇಲ್ಲ. ಕಳೆದ 30 ವರ್ಷಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು, ಅಷ್ಟೆ. ನನ್ನ ಹೊಟ್ಟೆ ಉರಿಯಿತು. ಹೊಗೆಯೇ ಬಿಡದ ನಮ್ಮ ವಿದ್ಯುತ್ ಕಾರಿಗೆ 2025ರ ಏಪ್ರಿಲ್‌ನಿಂದ ತೆರಿಗೆ. ಬುಸುಬುಸು ಹೊಗೆಯುಗುಳುವ ಈ ಮುದುಕನಿಗೆ ಮಾಫಿ!

ಮಾವನವರಿಗೆ ಅಷ್ಟು ಸಾಕಾಯಿತು. ರಾತ್ರಿ ಊಟಕ್ಕೆ ಮೊದಲು ಸಕ್ಕರೆ ನೋಡುವ ಯಂತ್ರ ಹಿಡಿದು ಬಂದ ಅತ್ತೆಯನ್ನು ಕೈಯೆತ್ತಿ ತಡೆದರು. "ನಲವತ್ತು ದಾಟಿದವರಿಗೆ ಈ ದೇಶದಲ್ಲಿ ತಪಾಸಣೆ ಇಲ್ಲ ಕಣೇ. ಕಾನೂನು. ಎರಡು ಹೋಳಿಗೆ ಬಡಿಸು, ತುಪ್ಪ ಮುಂದಿರಲಿ."

ಅತ್ತೆ ಸೂಜಿ ಸಿಕ್ಕಿಸುತ್ತಲೇ ಹೇಳಿದರು: "ದೊಡ್ಡ ಮಾರ್ಪಾಡು ಆಗಿರಬಾರದು ಅಂತಾನೂ ಅಂದ್ರಲ್ಲ ಆ ಪುಣ್ಯಾತ್ಮ. ನಿಮ್ಮ ಎದೆಗೆ ಎರಡು ಸ್ಟೆಂಟು, ಬಲಗಡೆ ಮಂಡಿ ಹೊಸದು, ಹಲ್ಲಿನ ಸೆಟ್ಟಂತೂ ಹೋದ ದೀಪಾವಳೀದು. ಬೆರಳು ಚಾಚಿ."